ನಮ್ಮ ಗಲ್ಲಿಯಲ್ಲಿ ಕೂಗದ ಭೋಂಗಾ

ಕಳೆದ ವಾರ ತೂತುಬಿದ್ದ ತಾಮ್ರದ ಹಂಡೆಯೊಂದನ್ನು ಹಾಕಿಬರಲು ಸೊಲ್ಲಾಪುರದ ಬಜಾರಿನ ಗುಜರಿ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಸೈಕಲ್ ರಿಮ್ಮುಗಳ ಕೆಳಗೆ ಕೆಂಪು ಬಣ್ಣ ಸುಲಿದ ಕಬ್ಬಿಣದ ಡಬ್ಬಿಯಂಥದ್ದು ಬಿದ್ದಿತ್ತು. ಪಕ್ಕಕ್ಕೆ ಒಂದು ಹಿಡಿಕೆ, ಹಳೆಯ ಗ್ರೀಸಿನ ವಾಸನೆ... ನಾನು ಅದನ್ನೇ ನೋಡುತ್ತಿರುವುದು ಕಂಡು ಅಂಗಡಿಯಾತ, "ಹಳೀ ಬಂಬಿನ ಭೋಂಗಾ ಐತ್ರಿ ಆಯಿ, ಇನ್ನೂ ಒದರ್ತದ ನೋಡ್ರಿ" ಎಂದು ಹಿಡಿಕೆ ತಿರುಗಿಸಿದ. ಮೊದಲು ಗುರ್ ಎಂದಿತು. ಆಮೇಲೆ ಮೆಲ್ಲಗೆ ಏರತೊಡಗಿತು. ಹಂಡೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ. ಮನೆಯಲ್ಲಿ ಕೇಳಿದಾಗ ಬಿಸಿಲಿಗೆ ತಲೆ ಸುತ್ತಿತು ಅಂದೆ.

ನಮ್ಮ ಕಡೆ ಬೆಂಕಿ ಆರಿಸುವ ಗಾಡಿಗೆ ಬಂಬು ಅನ್ನುತ್ತಾರೆ, ಅದರ ಸೈರನ್‌ಗೆ ಭೋಂಗಾ. ಎಪ್ಪತ್ತರ ದಶಕದಲ್ಲಿ ಭೋಂಗಾ ಕೈಯಿಂದಲೇ ತಿರುಗಿಸುವಂಥದ್ದು. ಡ್ರೈವರನ ಪಕ್ಕ ಕುಳಿತು ಅದನ್ನು ತಿರುಗಿಸುತ್ತಿದ್ದವರು ನಮ್ಮ ಎದುರು ಮನೆಯವರು. ಚಪಳಗಾಂವದಿಂದ ಬಂದು ಎರಡು ಕೋಣೆ ಬಾಡಿಗೆ ಹಿಡಿದಿದ್ದರು. ಗಲ್ಲಿಗೆಲ್ಲ ಅವರು ಬಂಬಿನ ಕಾಕಾ. ಎಷ್ಟು ಮೆತ್ತಗೆ ಮಾತಾಡುತ್ತಿದ್ದರೆಂದರೆ, "ಇದ್ದ ದನಿ ಎಲ್ಲಾ ಭೋಂಗಾಕ್ಕ ಕೊಟ್ಟಾನ, ಹೆಂಡ್ತಿಗಿ ಏನೂ ಉಳಸಿಲ್ಲ" ಎಂದು ಮಂದಿ ಚೇಷ್ಟೆ ಮಾಡುತ್ತಿದ್ದರು. ಅವರು ಸುಮ್ಮನೆ ನಗುತ್ತಿದ್ದರು.

ನಾನು ಆಗ ಬಟ್ಟೆ ವ್ಯಾಪಾರದ ಮನೆಯ ಹೊಸ ಸೊಸೆ. ನಮ್ಮದು ದೊಡ್ಡ ಮನೆ, ದೊಡ್ಡ ಮಡಿ. ಕಾಕಾ ನಮ್ಮ ಕಟ್ಟೆಯವರೆಗೆ ಬರುತ್ತಿದ್ದರು, ಪಡಸಾಲೆಗೆ ಬರುತ್ತಿರಲಿಲ್ಲ. ನಾವೂ ಒಳಗೆ ಬರ್ರಿ ಅಂದವರಲ್ಲ. ಆ ಮಾತು ಈಗ ಬರೆಯಲು ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ನನ್ನ ಮಗ ಹುಟ್ಟಿ ಆರು ತಿಂಗಳಾಗಿತ್ತು. ದೊಡ್ಡ ಸಪ್ಪಳವಾದರೆ ಸಾಕು, ಅಳು ಶುರುಮಾಡಿ ನಡುವೆಯೇ ಉಸಿರು ಹಿಡಿಯುತ್ತಿದ್ದ. ತುಟಿ ನೀಲಿಯಾಗುತ್ತಿತ್ತು, ಕಣ್ಣು ಮೇಲಾಗುತ್ತಿದ್ದವು. ಮಿಲ್ಲಿನ ಭೋಂಗಾ ದೂರದ್ದು, ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ನಾನು ಮೊದಲೇ ಅವನ ಕಿವಿ ಮುಚ್ಚುತ್ತಿದ್ದೆ. ಬಂಬಿನದು ಹಾಗಲ್ಲ. ಬೇಸಿಗೆಯಲ್ಲಿ ಮಗ್ಗದ ಶೆಡ್ಡಿನಲ್ಲೋ ನೂಲಿನ ಗೋದಾಮಿನಲ್ಲೋ ಬೆಂಕಿ ಬಿತ್ತೆಂದರೆ ಗಾಡಿ ನಮ್ಮ ಬಾಗಿಲ ಮುಂದೆಯೇ ಒದರುತ್ತ ಹೋಗಬೇಕು. ಒಂದು ಸಲ ಮಗು ಎಷ್ಟು ಹೊತ್ತಾದರೂ ಉಸಿರು ಬಿಡಲಿಲ್ಲ. ಹೋಯಿತು ಎಂದೇ ತಿಳಿದೆ...

ಮರುದಿನ ಬೆಳಿಗ್ಗೆ ಕಟ್ಟೆಗೆ ಬಂದು ಕಾಕಾನನ್ನು ಕರೆದೆ.

"ಕಾಕಾ, ನಮ್ಮ ಗಲ್ಲಿಯಾಗ ಅಷ್ಟ ಭೋಂಗಾ ತಿರುಗಸಬ್ಯಾಡ್ರಿ. ಕೂಸು ನನ್ನ ಕೈಯಾಗ ಉಳಿಯಾಂಗಿಲ್ಲ."

"ಸಾಹೇಬ್ರಿಗಿ ತಿಳದ್ರ ನೌಕರಿ ಹೋಗ್ತದರಿ ಅಕ್ಕಾರ."

"ಮ್ಯಾಲ ಕೆಂಪ ದೀಪ ಇರ್ತದಲ್ರಿ. ಮಂದಿಗಿ ಕಾಣಸ್ತದ."

ಆ ದೀಪವನ್ನು ಅವರು ದಿನಾ ಧೋತರದ ಚುಂಗಿನಿಂದ ಒರೆಸುತ್ತಿದ್ದರಂತೆ. ಅದರ ಮೇಲೆ ಅವರಿಗೂ ನಂಬಿಕೆ ಇದ್ದಿರಬೇಕು. "ಆತ್ರಿ, ಕೂಸಿನ ಸಲುವಾಗಿ" ಅಂದರು.

ಕೈ ಭೋಂಗಾದ ಒಂದು ಗುಣ ನನಗೆ ಆಗ ತಿಳಿದಿರಲಿಲ್ಲ. ಹಿಡಿಕೆ ಬಿಟ್ಟರೆ ದನಿ ಒಮ್ಮೆಲೇ ನಿಲ್ಲುವುದಿಲ್ಲ, ಹಿಡಿದರೆ ಒಮ್ಮೆಲೇ ಏರುವುದೂ ಇಲ್ಲ. ನಮ್ಮ ಮನೆ ಬರುವಷ್ಟರಲ್ಲಿ ಅದು ಸತ್ತಿರಬೇಕೆಂದು ಕಾಕಾ ಮಾರುತಿ ಗುಡಿಯ ತಿರುವಿನಲ್ಲೇ ಕೈ ಬಿಡುತ್ತಿದ್ದರು. ಮನೆ ದಾಟಿದ ಮೇಲೆ ಮತ್ತೆ ತಿರುಗಿಸಲು ಹತ್ತಿದರೆ ಪೂರ್ತಿ ದನಿ ಬರುವುದಕ್ಕೆ ಇಪ್ಪತ್ತು ಸುತ್ತಾದರೂ ಬೇಕು. ಅಷ್ಟರಲ್ಲಿ ಗಾಡಿ ಗಲ್ಲಿಯ ತುದಿಯ ಚೌಕಕ್ಕೆ ಬಂದಿರುತ್ತಿತ್ತು. ಎರಡು ತಿಂಗಳು ಹೀಗೆ ನಡೆಯಿತು. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಕಿಟಕಿಯಲ್ಲಿ ಕೆಂಪು ಬೆಳಕು ಸುಮ್ಮನೆ ಸರಿದು ಹೋದಾಗ ನಾನು ಕಾಕಾಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಆ ದಿನ ಮಟಮಟ ಮಧ್ಯಾಹ್ನ. ಆ ಬಿಸಿಲಲ್ಲಿ ಕೆಂಪು ದೀಪ ಹತ್ತಿದರೂ ಒಂದೇ, ಹತ್ತದಿದ್ದರೂ ಒಂದೇ. ಗಾಡಿ ಸಪ್ಪಳವಿಲ್ಲದೆ ನಮ್ಮ ಮನೆ ದಾಟಿತು. ಚೌಕದ ಕಡೆಯಿಂದ ಭೋಂಗಾ ಗುರ್ ಎನ್ನತೊಡಗಿದ್ದು ಕೇಳಿಸಿತು, ಏರಲಿಲ್ಲ. ಅರ್ಧಕ್ಕೇ ನಿಂತಿತು. ಮಗ್ಗದ ಪಾಳಿ ಮುಗಿಸಿ ಸೈಕಲ್ ಮೇಲೆ ಅಡ್ಡ ಬಂದು ಗಾಡಿಗೆ ಸಿಕ್ಕಿದ್ದ ಹುಡುಗ, ಕಂದಲಗಾಂವದವನು. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ.

ವಿಚಾರಣೆಗೆ ಬಂದ ಸಾಹೇಬರು ಮನೆಮನೆಗೆ ಹೋಗಿ, ಭೋಂಗಾ ಕೇಳಿಸಿತ್ತೇ ಎಂದು ಮರಾಠಿಯಲ್ಲಿ ಕೇಳಿದರು. ಅವರ ಬೆನ್ನ ಹಿಂದೆ ಕಾಕಾ ಬರಿತಲೆಯಲ್ಲಿ ನಿಂತಿದ್ದರು. ಭೋಂಗಾ ಕೆಟ್ಟಿತ್ತು ಅಂದಿದ್ದರೆ ಆ ಮಾತು ದುರಸ್ತಿ ಮಿಸ್ತ್ರಿಯ ಕೊರಳಿಗೆ ಬೀಳುತ್ತಿತ್ತು. ನಿಜ ಹೇಳಿದ್ದರೆ ನನ್ನ ಕೊರಳಿಗೆ. ಅವರು, ತಿರುಗಿಸುವುದು ಮರೆತೆ ಎಂದು ಬರೆಸಿಬಿಟ್ಟಿದ್ದರು.

ನಾನು ಮಗುವನ್ನೆತ್ತಿಕೊಂಡು ಪಡಸಾಲೆಯ ಪರದೆಯ ಹಿಂದೆ ನಿಂತಿದ್ದೆ. ಹೊರಗೆ ಹೋಗಲೆಂದು ಒಂದು ಹೆಜ್ಜೆ ಇಟ್ಟಿದ್ದೂ ನಿಜ. ಮಾವನವರು ತಿರುಗಿ ನೋಡಿ ತಗ್ಗಿದ ದನಿಯಲ್ಲಿ, "ಮಾತಾಡಿದ್ರ ಹೋತು, ಮುತ್ತು ಒಡದ್ರ ಹೋತು. ಒಳಗ ನಡಿ" ಅಂದರು. ಸಾಹೇಬರಿಗೆ ನಮಗೇನೂ ಗೊತ್ತಿಲ್ಲವೆಂದು ಹೇಳಿದರು. ಕಾಕಾ ಒಮ್ಮೆ ಪರದೆಯ ಕಡೆ ನೋಡಿದರು. ಸಿಟ್ಟು ಇರಲಿಲ್ಲ. ಮಗು ಅಳುತ್ತಿಲ್ಲವಲ್ಲ ಎಂದು ನೋಡಿದ ಹಾಗಿತ್ತು. ನಾನು ಒಳಗೆ ಹೋದೆ.

ನೌಕರಿ ಹೋಯಿತು. ತಿಂಗಳೊಳಗೆ ಎದುರು ಮನೆಗೆ ಕೀಲಿ ಬಿತ್ತು. ನಮ್ಮ ಗಲ್ಲಿಯಲ್ಲಿ ಭೋಂಗಾ ಮತ್ತೆ ಜೋರಾಗಿಯೇ ಒದರತೊಡಗಿತು. ವಿಚಿತ್ರವೆಂದರೆ ಮಗ ಆಮೇಲೆ ಒಮ್ಮೆಯೂ ಉಸಿರು ಹಿಡಿಯಲಿಲ್ಲ. ಹಿಡಿದದ್ದು ನಾನು. ಗಾಡಿ ಗುಡಿಯ ತಿರುವಿಗೆ ಬಂತೆಂದರೆ, ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯುತ್ತಿದ್ದೆ. ಇಂದಿಗೂ ಅಂಬ್ಯುಲೆನ್ಸ್ ಹೋದರೂ ಸರಿ, ಆ ಸದ್ದಿನ ನಡುವೆ ಒಂದು ಕಡೆ ನನಗೆ ಏನೂ ಕೇಳಿಸುವುದಿಲ್ಲ. ಅಲ್ಲಿ ಸೈಕಲ್ಲಿನ ಬೆಲ್ ಮಾತ್ರ ಇರುತ್ತದೆ...

ಮೂರು ವರ್ಷದ ಮೇಲೆ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋದಾಗ ಅವರನ್ನು ಕಂಡೆ. ಗುಡಿಯ ಹತ್ತಿರ ಭಕ್ತರ ಚಪ್ಪಲಿ ಕಾಯುತ್ತ ಕುಳಿತಿದ್ದರು. ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನೇ ಸಣ್ಣಗೆ ತಿರುಗುತ್ತಿತ್ತು. ಅದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

"ಆ ಕೂಸು ಇದ ಏನ್ರಿ ಅಕ್ಕಾರ?" ಎಂದು ನನ್ನ ಮಗನ ಕಡೆ ನೋಡಿದರು.

"ಹೌದ್ರಿ ಕಾಕಾ."

"ಈಗೂ ಅಂಜ್ತಾನೇನ್ರಿ?"

"ಇಲ್ರಿ. ಬಂಬು ಬಂದ್ರ ನೋಡಾಕ ಓಡ್ತಾನ."

ಅವರ ಮುಖ ಅರಳಿತು. ಅದನ್ನು ನೋಡಲಾರದೆ, "ನಾ ಅವತ್ತ ಹೊರಗ ಬಂದು ಹೇಳಬೇಕಾಗಿತ್ರಿ" ಅಂದೆ.

"ಹೇಳಿದ್ರ ಆ ಹುಡುಗ ಎದ್ದು ಬರ್ತಿದ್ನೇನ್ರಿ? ನೀವು ಬಾಯಿಲೆ ಅಂದ್ರಿ. ಕೈ ಬಿಟ್ಟಾವ ನಾ." ಇಷ್ಟು ಹೇಳಿ ಬೇರೆಯವರ ಚಪ್ಪಲಿ ತರಲು ಎದ್ದು ಹೋದರು.

ಅವರು ತೀರಿಕೊಂಡ ಸುದ್ದಿ ಚಪಳಗಾಂವದ ಗಿರಾಕಿಯೊಬ್ಬರಿಂದ ಅಂಗಡಿಗೆ ಬಂತು. ಮಣ್ಣಿಗೆ ಹೋಗಲಿಲ್ಲ. ಹೋಗುತ್ತೇನೆಂದರೆ ಯಾಕೆ ಎಂದು ಕೇಳುತ್ತಿದ್ದರು, ಹೇಳಬೇಕಾಗುತ್ತಿತ್ತು. ಮಾವನವರೂ ಹೋಗಿ ಬಹಳ ವರ್ಷವಾಯಿತು. ಈಗ ನನ್ನನ್ನು ಒಳಗೆ ನಡೆ ಅನ್ನುವವರು ಯಾರೂ ಇಲ್ಲ, ಆದರೂ ಒಳಗೇ ಇದ್ದೆ.

ನಿನ್ನೆ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವನಿಗೂ ತಲೆ ನರೆತಿದೆ. ಪೂರ್ತಿ ಕೇಳಿ, "ಯಾರವ್ವಾ ಅವ್ರು? ನನಗ ಮಾರಿನೂ ನೆನಪಿಲ್ಲ" ಅಂದ. ಅವನ ತಪ್ಪಲ್ಲ, ನಾವೇ ಮನೆಯಲ್ಲಿ ಆ ಹೆಸರು ಎತ್ತಿದವರಲ್ಲ. ಕಚೇರಿಯ ಯಾವುದೋ ಕಪಾಟಿನಲ್ಲಿ ಆ ಕಾಗದ ಇನ್ನೂ ಇದ್ದರೆ, ಕಾಕಾ ಮರೆತರೆಂದೇ ಅದರಲ್ಲಿರುತ್ತದೆ. ಅವರು ಮರೆತಿರಲಿಲ್ಲ. ನಾನು ಬೇಡ ಅಂದಿದ್ದೆ.