ಒಸಾನಳ ಪೆಟ್ಟಿಗೆಯ ಕಪ್ಪೆ

ಆ ಕಪ್ಪೆಯ ಕಥೆಯನ್ನು ನಾನು ಈ ಕೈಯಾರೆ ನಾಲ್ಕು ಸಲ ಬರೆದಿದ್ದೇನೆ. ಐದನೆಯ ಪ್ರತಿಗೆಂದು ತೊಗಲಿನ ಹಾಳೆ ಮುಂದಿಟ್ಟುಕೊಂಡು ಕೂತಾಗ ರೋಸಿಹೋಯಿತು. ಒಸಾನಳ ವಿಷಯವನ್ನು ಒಂದು ಸಲವಾದರೂ ಇದ್ದದ್ದು ಇದ್ದಂತೆ ಹೇಳಿಬಿಡುತ್ತೇನೆ.

ತ್ರುವಾ ಪಟ್ಟಣದಲ್ಲಿ ನಮ್ಮ ಮಠದ ಹಿಂದಿನ ಬೀದಿಯಲ್ಲೇ ಅವಳ ರೊಟ್ಟಿ ಅಂಗಡಿ. ಗಂಡ ಸತ್ತ ಮೇಲೆ ಒಬ್ಬಳೇ ಹಿಟ್ಟು ನಾದಿ, ಒಬ್ಬಳೇ ಒಲೆ ಉರಿಸಿ ಇಪ್ಪತ್ತು ವರ್ಷ ಊರಿಗೆ ರೊಟ್ಟಿ ತಿನ್ನಿಸಿದವಳು. ಬಾಯಿ ಜೋರು, ನಗು ಇನ್ನೂ ಜೋರು. ಶುಕ್ರವಾರ ಬಂತೆಂದರೆ ಭಿಕ್ಷುಕರಿಗೆಂದೇ ಬೇರೆ ಒಂದು ಒಬ್ಬೆ ರೊಟ್ಟಿ ಸುಡುತ್ತಿದ್ದಳು. ತಂಗಳಲ್ಲ, ಬಿಸಿಬಿಸಿಯಾದದ್ದು. ಮೊದಲನೆಯ ರೊಟ್ಟಿ ಯಾವಾಗಲೂ ಕುಂಟ ಗೋತಿಯೆಗೆ.

ಒಂದು ಬೇಸಿಗೆಯಲ್ಲಿ ಅವಳ ಹಿಟ್ಟಿನ ಪೆಟ್ಟಿಗೆಯೊಳಗೆ ನೆಲಗಪ್ಪೆಯೊಂದು ಹೊಕ್ಕಿತ್ತು. ಬಿದ್ದು ಬಿದ್ದು ನಗುತ್ತ ಅದನ್ನು ನಮ್ಮ ಪಾದ್ರಿ ಅನ್ಸೆಲ್ ಅವರಿಗೆ ಹೇಳಿದಳು. ಊರಲ್ಲಿ ಯಾರಿಗೆ ಬೇಕಾದರೂ ಹೇಳಬಹುದಿತ್ತು, ಅವರಿಗೆ ಹೇಳಬಾರದಿತ್ತು. ಅನ್ಸೆಲ್ ಪ್ರವಚನ ಮಾಡುವವರ ಅನುಕೂಲಕ್ಕೆಂದು ಲ್ಯಾಟಿನ್ನಿನಲ್ಲಿ ನೀತಿಕಥೆಗಳನ್ನು ಒಂದು ಪುಸ್ತಕವಾಗಿ ಕೂಡಿಹಾಕುತ್ತಿದ್ದರು. ಅಹಂಕಾರಕ್ಕಿಷ್ಟು, ಸುಳ್ಳಿಗಿಷ್ಟು ಎಂದು ಪಾಪದ ಹೆಸರಿನ ಕೆಳಗೆ ಕಥೆ ಜೋಡಿಸುವುದು ಪದ್ಧತಿ. ಜಿಪುಣತನಕ್ಕೆ ಕಥೆ ಸಾಲದೆ ಅವರು ಪರದಾಡುತ್ತಿದ್ದರು. ಕಪ್ಪೆ ಸರಿಯಾದ ಹೊತ್ತಿಗೆ ಸಿಕ್ಕಿತು. ನನ್ನ ಕೈಯಲ್ಲಿ ಬರೆಸಿದ್ದು ಹೀಗೆ: ನಮ್ಮ ಸೀಮೆಯ ಪಟ್ಟಣವೊಂದರಲ್ಲಿ ರೊಟ್ಟಿ ಸುಡುವ ವಿಧವೆ ಭಿಕ್ಷುಕನನ್ನು ಬರಿಗೈಯಲ್ಲಿ ಅಟ್ಟಿದಳು; ಪೆಟ್ಟಿಗೆ ತೆರೆದರೆ ರೊಟ್ಟಿಯೆಲ್ಲ ಕಪ್ಪೆಯಾಗಿತ್ತು; ಇದು ನಂಬಿಕಸ್ಥರೊಬ್ಬರ ಬಾಯಿಂದ ಕೇಳಿದ್ದು. ಪ್ರತಿ ಕಥೆಗೂ ಆ ಕೊನೆಯ ಮಾತು ಅಂಟಿಸಲೇಬೇಕು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.

ಉಪವಾಸ ಕಾಲದ ಪ್ರವಚನಗಳಲ್ಲಿ ಅದನ್ನು ಊರ ಮಾತಿನಲ್ಲಿ ಹೇಳಿದ್ದೇ ಹೇಳಿದ್ದು. ಪಟ್ಟಣದಲ್ಲಿ ರೊಟ್ಟಿ ಸುಡುವ ವಿಧವೆಯರು ಎಷ್ಟು ಜನ? ಒಬ್ಬಳೇ. ವಾರದೊಳಗೆ ಅವಳ ಅಂಗಡಿಯ ಕಡೆ ಯಾರೂ ಸುಳಿಯದಂತಾಯಿತು. ಅದನ್ನು ಹೇಗೋ ಸಹಿಸಿಕೊಂಡಳು. ಶುಕ್ರವಾರ ಗೋತಿಯೆ ಕೂಡ ಕೊಟ್ಟ ರೊಟ್ಟಿಗೆ ಕೈ ಚಾಚಲಿಲ್ಲ. ಅವತ್ತು ಅತ್ತಳು, ಅತ್ತು ನೇರ ಮಠಕ್ಕೆ ಬಂದಳು.

"ಸ್ವಾಮಿ, ಆ ನಂಬಿಕಸ್ಥರು ಅಂದ್ರೆ ಯಾರು?"

"ನೀನೇ ಕಣಮ್ಮ," ಎಂದರು ಅನ್ಸೆಲ್.

"ನಾನು ಹಂಗೆ ಹೇಳಿದ್ನಾ?"

"ಹೆಸರು ಹಾಕಿಲ್ವಲ್ಲಮ್ಮ."

ಕಥೆ ಕೇಳಿದ ಮೇಲೆ ಜನ ಎಷ್ಟು ದಾನ ಮಾಡುತ್ತಿದ್ದಾರೆ ನೋಡು ಎಂದು ಸಮಾಧಾನ ಬೇರೆ. ಕಥೆಯೊಳಗಿನ ಪಟ್ಟಣವನ್ನಾದರೂ ದೂರದ ಲೊಂಬಾರ್ಡಿಗೆ ಸಾಗಿಸೋಣ ಎಂದು ನಾನು ಬಾಯಿ ಹಾಕಿದೆ. ದೂರದ ಊರಾದರೆ ಕೇಳುವವರ ಮನಸ್ಸಿಗೆ ನಾಟುವುದಿಲ್ಲವಂತೆ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಆ ಭಾನುವಾರ ಇಗರ್ಜಿಯಲ್ಲಿ ಅವರು ಮತ್ತೆ ಕಪ್ಪೆ ತೆಗೆದರು. ಕೊನೆಗೆ ನಂಬಿಕಸ್ಥರೊಬ್ಬರ ಬಾಯಿಂದ ಕೇಳಿದ್ದು ಎನ್ನುವಷ್ಟರಲ್ಲಿ ಒಸಾನ ಎದ್ದು ನಿಂತಳು. ಮೇಲುಹೊದಿಕೆಯಡಿಯಿಂದ ಉಬ್ಬಿದ ದಪ್ಪ ರೊಟ್ಟಿಯೊಂದನ್ನು ತೆಗೆದಳು.

"ಆ ಬಾಯಿ ನಂದೇ. ಪೆಟ್ಟಿಗೇಲಿ ಕಪ್ಪೆ ಇತ್ತು, ಎತ್ತಿ ಆಚೆ ಬಿಟ್ಟೆ. ಅಷ್ಟೇ ಕಥೆ. ತಗೊಳ್ಳಿ ಸ್ವಾಮಿ, ಬೆಳಿಗ್ಗೆ ಸುಟ್ಟಿದ್ದು. ಎಲ್ರ ಎದುರಿಗೆ ತಿನ್ನಿ."

ಅನ್ಸೆಲ್ ತೆಗೆದುಕೊಂಡರು. ಮುರಿದರು. ಬಾಯಿಗಿಡುವ ಮೊದಲು ಒಳಗೆ ಇಣುಕಿ ನೋಡಿದರು. ಕಥೆ ಕಟ್ಟಿದವರೇ ಅವರು, ಬರೆದವನು ನಾನು, ಆದರೂ ಇಣುಕಿದರು. ಮೊದಲು ಯಾರೋ ಮುಸಿಮುಸಿ ನಕ್ಕರು, ಆಮೇಲೆ ಇಡೀ ಇಗರ್ಜಿ ನಕ್ಕಿತು. ಗೋತಿಯೆ ಊರುಗೋಲು ಕುಟ್ಟುತ್ತ ಮುಂದೆ ಬಂದು ಅವರ ಕೈಯಿಂದ ರೊಟ್ಟಿ ಕಿತ್ತುಕೊಂಡ.

"ಇಲ್ಲಿ ಕೊಡಿ. ಶುಕ್ರವಾರದ ನನ್ನ ಪಾಲು ಇದು."

ಅಲ್ಲೇ ನಿಂತು ತಿಂದ. ಒಸಾನ ಅವನನ್ನೇ ನೋಡುತ್ತ ನಿಂತಿದ್ದಳು. ಮರುದಿನ ಅವಳ ಒಲೆ ಮುಂದೆ ಮೊದಲಿನಂತೆಯೇ ಜನ ಸೇರಿದರು.

ಆದರೆ ಪುಸ್ತಕ ಆಗಲೇ ನಾಲ್ಕು ಮಠಗಳಿಗೆ ಹೋಗಿತ್ತು. ಕಳೆದ ಚಳಿಗಾಲದಲ್ಲಿ ಒಸಾನ ತೀರಿಕೊಂಡಳು. ಈಗ ಐದನೆಯ ಮಠದವರು ಪ್ರತಿ ಕೇಳಿದ್ದಾರೆ, ಕಪ್ಪೆಯ ಕಥೆಯಂತೂ ಬೇಕೇ ಬೇಕಂತೆ. ನಾನು ಜಿಪುಣತನದ ಕೆಳಗೆ ಜಾಗ ಖಾಲಿ ಬಿಟ್ಟಿದ್ದೇನೆ. ಸುಳ್ಳಿನ ಕೆಳಗೆ, ರೊಟ್ಟಿ ಮುರಿದು ಒಳಗೆ ಇಣುಕಿದ ಪಾದ್ರಿಯೊಬ್ಬರ ಕಥೆ ಬರೆದಿದ್ದೇನೆ. ಹೆಸರು ಹಾಕಿಲ್ಲ.