ಜಪಾನಿ ಅಜ್ಜಿಯೊಡನೆ ಚೌಕಾಸಿ

ಚೌಕಾಸಿ ಬಾರದವರಿಗೆ ನಾನು ಮೊದಲು ಕಲಿಸುವುದು ನಡಿಗೆ. ಬೆಲೆ ಕೇಳಿ, ಮುಖ ಸಿಂಡರಿಸಿ, ವಸ್ತುವನ್ನು ಕೆಳಗಿಟ್ಟು ನಡೆದುಬಿಡಬೇಕು. ಆರನೇ ಹೆಜ್ಜೆಗೆ ಅಂಗಡಿಯವನು ಕರೆಯುತ್ತಾನೆ. ಮಂಗಳೂರಿನ ಬಂದರಿನಲ್ಲಿ ಕಲಿತ ಈ ವಿದ್ಯೆ ಹ್ಯಾನೋವರಿನ ಫ್ಲೋಮಾರ್ಕ್ಟಿನಲ್ಲಿ, ಅಂದರೆ ಶನಿವಾರದ ಹಳೆ ಸಾಮಾನಿನ ಸಂತೆಯಲ್ಲಿ, ನನ್ನ ಮನೆಯನ್ನೇ ತುಂಬಿಸಿದೆ. ಕೈಕೊಟ್ಟದ್ದು ಒಮ್ಮೆ ಮಾತ್ರ, ಜಪಾನಿ ಹಬ್ಬದ ದಿನ.

ಹಿರೋಶಿಮಾ ನಮ್ಮ ಊರಿನ ಸೋದರಿ ನಗರ. ಹಾಗಾಗಿ ಬೇಸಿಗೆಯ ಆ ದಿನ ಪಾರ್ಕಿನ ತುಂಬ ಡೋಲು, ಚಹಾ, ಕಾಗದದ ಕೊಕ್ಕರೆ. ಒಂದು ಗುಡಾರದಲ್ಲಿ ಮಾತ್ರ ಸುಟ್ಟ ಊರಿನ ಹಳೆಯ ಫೋಟೋಗಳು. ಅದರೊಳಗೆ ಹೋದರೆ ನಾನೂ ಬಾಯಿ ಮುಚ್ಚಿಕೊಳ್ಳುತ್ತೇನೆ. ಆ ವರ್ಷ ನನ್ನ ಹನ್ನೆರಡರ ಮಗಳು ಜಪಾನಿ ಕುಣಿತದ ತಂಡ ಸೇರಿದ್ದಳು. ಯುಕಾತಾ ಉಡದವರಿಗೆ ಸಾಲಿನಲ್ಲಿ ಜಾಗವಿಲ್ಲ ಎಂದು ಟೀಚರು ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಯುಕಾತಾ ಎಂದರೆ ಹತ್ತಿಯ ಉದ್ದನೆಯ ನಿಲುವಂಗಿ, ಸೊಂಟಕ್ಕೊಂದು ಪಟ್ಟಿ, ಅಷ್ಟೇ. "ಈಗ್ಲೇ ಯಾಕೆ? ಹಬ್ಬದ ದಿನ ಮಧ್ಯಾಹ್ನ ಕಳೆದ ಮೇಲೆ ಮೂಟೆ ಹೊರ್ಲಿಕ್ಕಾಗದೆ ಅಂಗಡಿಯವ್ರೇ ಬೆಲೆ ಇಳಿಸ್ತಾರೆ," ಎಂದು ತಡೆದವನು ನಾನು.

ಕುಣಿತ ನಾಲ್ಕಕ್ಕೆ, ನಾವು ಹೋದದ್ದು ಮೂರೂವರೆಗೆ. ಜಪಾನಿ ಅಜ್ಜಿಯೊಬ್ಬರ ಅಂಗಡಿಯಲ್ಲಿ ಮಗಳ ಅಳತೆಯದು ಒಂದೇ ಉಳಿದಿತ್ತು: ನೀಲಿಯ ಮೇಲೆ ಬಿಳಿ ಮೀನು, ನಲವತ್ತು ಯೂರೋ. ಇಪ್ಪತ್ತೈದು ಎಂದೆ. ಅಜ್ಜಿ ಕ್ಷಮೆ ಕೇಳಿ ಬಾಗಿದರು. ಆಹಾ, ಮೆತ್ತಗಾದರು! ಇಪ್ಪತ್ತೆರಡು ಎಂದೆ. ಇನ್ನಷ್ಟು ಬಾಗಿದರು. ಅವರು ಬಾಗಿದಂತೆಲ್ಲ ನಾನು ಇಳಿಸುತ್ತಾ ಹೋದೆ. ಜಪಾನಿಯರ ಹತ್ತಿರ ಕೊಳ್ಳುವವರಿಗೆ ಪುಕ್ಕಟೆ ಸಲಹೆ ಕೊಡುತ್ತೇನೆ: ಅವರು ಬಾಗುವುದು ಗಿರಾಕಿಯ ಗೌರವಕ್ಕೆ, ಬೆಲೆ ನೆಟ್ಟಗೇ ನಿಂತಿರುತ್ತದೆ. ಆಗ ನನಗೆ ಇದು ಹೇಳಿದವರಿಲ್ಲ.

"ಪೈನ್‌ಲಿಷ್, ಪಪ್ಪಾ!" ಎಂದಳು ಮಗಳು. ನನ್ನಿಂದ ಮಾನ ಹೋಯಿತು ಎನ್ನಲು ಅವಳು ಬಳಸುವ ಜರ್ಮನ್.

"ನೀನು ಸುಮ್ನಿರು ಮಾರಾಯ್ತಿ. ಆಸೆ ಮುಖದಲ್ಲಿ ಕಾಣ್ಬಾರ್ದು," ಎಂದು ಅವಳ ಕೈ ಹಿಡಿದು ಹೊರಟೆ.

ಆರು ಹೆಜ್ಜೆ. ಹತ್ತು. ಹದಿನೈದು. ತಿರುಗಿ ನೋಡಿದರೆ ಅಜ್ಜಿ ಇನ್ನೂ ಬಾಗಿಯೇ ನಮ್ಮನ್ನು ಬೀಳ್ಕೊಡುತ್ತಿದ್ದರು. ಅವರು ನೆಟ್ಟಗಾಗುವಷ್ಟರಲ್ಲಿ ಜರ್ಮನ್ ತಾಯಿಯೊಬ್ಬಳು ತನ್ನ ಹುಡುಗಿಗೆ ಬಿಳಿ ಮೀನು ಕೊಂಡಾಗಿತ್ತು. ಬೆಲೆ ಕೂಡ ಕೇಳಲಿಲ್ಲ, ಪುಣ್ಯಾತ್ಗಿತ್ತಿ!

ಮಗಳು ಅಳಲಿಲ್ಲ. ಅತ್ತಿದ್ದರೆ ಐಸ್‌ಕ್ರೀಮಿನಲ್ಲಿ ಮುಗಿಸಬಹುದಿತ್ತು. ಕೈ ಕೊಸರಿಕೊಂಡು ಅಂಗಡಿಗೆ ಓಡಿ, ತಾನೂ ಬಾಗಿ, ತಂಡದಲ್ಲಿ ಕಲಿತ ನಾಲ್ಕು ಜಪಾನಿ ಮಾತು ಆಡಿದಳು. ಅಜ್ಜಿ ಗಡಿಯಾರ ನೋಡಿಕೊಂಡರು. ಮೇಜಿನಡಿಯಿಂದ ದೊಡ್ಡವರ ಯುಕಾತಾ ಎಳೆದು ಅವಳಿಗೆ ಸುತ್ತಿ, ನಮ್ಮ ಹೆಂಗಸರು ಸೀರೆ ಎತ್ತಿ ಸೆಕ್ಕುವ ಹಾಗೆ ಹೆಚ್ಚಿನ ಉದ್ದವನ್ನೆಲ್ಲ ಸೊಂಟದಲ್ಲಿ ಮಡಚಿ ಪಟ್ಟಿ ಬಿಗಿದರು. ಪಾದ ಕಾಣಿಸಿತು.

"ಅರವತ್ತು," ಎಂದರು ನನ್ನ ಕಡೆ ತಿರುಗಿ.

ನಾನು ಬಾಯಿ ತೆರೆದೆ. ಮಗಳು ನನ್ನ ಕಾಲು ತುಳಿದಳು. ಅರವತ್ತನ್ನೂ ಕೊಟ್ಟು ನಾನೇ ಬಾಗಿದೆ.

ಅವಳು ಓಡಿಹೋಗಿ ಸಾಲಿನ ಕೊನೆಯಲ್ಲಿ ನಿಂತಾಗ ಎದೆ ಹಗುರವಾಯಿತು. ಅಷ್ಟರಲ್ಲಿ ಪಕ್ಕಕ್ಕೆ ಬಂದವರು ಉಡುಪಿ ಕಡೆಯ ಡಾಕ್ಟರು, ವರ್ಷಗಟ್ಟಲೆ ನನ್ನ ಉಪದೇಶ ಕೇಳಿ ಬಳಲಿದವರು.

"ಚಂದ ಉಂಟಲ್ಲ ಮಾರಾಯ್ರೆ! ಎಷ್ಟಕ್ಕೆ ಹೊಡೆದ್ರಿ?"

"ಹೇಳಿದ್ರೆ ನೀವು ನಂಬ್ಲಿಕ್ಕಿಲ್ಲ. ಅರ್ಧಕ್ಕೆ."

"ಹೌದಾ! ಹಾಗಾದ್ರೆ ನನ್ನ ಹೆಂಡ್ತಿಗೂ ಒಂದು," ಎಂದವರೇ ಅಜ್ಜಿಯ ಅಂಗಡಿಯ ಕಡೆ ಅಂಗಿಯ ತೋಳು ಮಡಚಿಕೊಂಡು ಹೊರಟರು. ಕರೆದು ನಿಲ್ಲಿಸಬಹುದಿತ್ತು. ಆದರೆ ಡೋಲು ಶುರುವಾಗಿತ್ತು. ಮಗಳು ಎಡಗೈ ಎತ್ತಿದಳು, ಸರಿಯಾಗಿ ಉಳಿದವರ ಜೊತೆಗೇ.