ನಗುವಿಗೆ ಬಿಟ್ಟ ಜಾಗ

ಗೆಳೆಯರೇ, ಪರಪ್ಪ ಕಾಕಾ ಇವತ್ತು ಪಾಪ್ ಹಾಡು ಹಾಡಿದರು. ಖಾನಾಪುರದ ಕಡೆ ಊರೂರು ತಿರುಗಿ ಜನರನ್ನು ನಗಿಸುವ ಗುಂಜಿಯ ಪರಪ್ಪ ಕಾಕಾನೇ. ಅವರ ಆಲ್ಬಮ್ಮಿನ ಮೊದಲ ಹಾಡು. ಶಿವಬಸವ ನಗರದ ಸ್ಟುಡಿಯೋದಲ್ಲಿ ಕೀಬೋರ್ಡ್ ನನ್ನದು.

ಮೊದಲ ಸಾಲು ಹಾಡಿದವರೇ ನಿಂತುಬಿಟ್ಟರು. ತಾಳ ಅವರನ್ನು ಬಿಟ್ಟು ಮುಂದೆ ಹೋಯಿತು. ಮತ್ತೆ ಶುರು ಮಾಡಿದೆವು, ಮತ್ತೆ ಹಾಗೇ. ಐದನೇ ಸಲ ರೆಕಾರ್ಡಿಂಗ್ ಮಾಡುವ ಸುಜಾತಾ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ಕಾಕಾ, ಸಾಲು ಸಾಲಿಗೂ ಯಾಕ ನಿಂದರತೀರಿ?"

"ಏನ್ ಮಾಡ್ಲಿ ತಂಗಿ, ಮೂವತ್ತು ವರ್ಷದ ಚಟ. ಒಂದ್ ಮಾತು ಆಡಿದ ಮ್ಯಾಲ ಮಂದಿಗೆ ನಗಾಕ ಜಾಗ ಬಿಡಬೇಕಲ್ಲ."

"ಇಲ್ಲಿ ಯಾರೂ ನಗೂದಿಲ್ರಿ. ಕಣ್ಣ ಮುಚ್ಚಿ ಹಾಡ್ರಿ."

ಕಣ್ಣು ಮುಚ್ಚಿ ಹಾಡಿದರು. ಎಮ್ಮೆ, ಬಸ್ ಕಂಡಕ್ಟರ್, ಬೀಗರು, ಎಲ್ಲರ ದನಿಯನ್ನೂ ತೆಗೆಯುವ ಆ ಗಂಟಲಲ್ಲಿ ಅವರದೇ ಒಂದು ದನಿ ಇದೆ ಎಂಬುದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹಾಡು ಮುಗಿದರೂ ಸುಜಾತಾ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಕೂತಿದ್ದಳು.

ಕಾಕಾ ಕಣ್ಣು ಬಿಟ್ಟು ಗಾಜಿನಾಚೆಯ ನಮ್ಮ ಮುಖ ನೋಡಿದರು. ಹೊರಗೆ ಬಂದಾಗ ಹಣೆಯೆಲ್ಲ ಬೆವರು.

"ಯಾಕ್ರಿ, ಎಲ್ಲಾರೂ ಸುಮ್ಮನ ಕುಂತೀರಿ? ಅಷ್ಟ ಕೆಟ್ಟ ಆಗೇತೇನು?"

ಇಲ್ಲ ಎಂದು ಇಬ್ಬರೂ ಆಣೆ ಮಾಡಿದರೂ ನಂಬಲಿಲ್ಲ. ಕೊನೆಗೆ ನಾನು ಬಲವಂತವಾಗಿ ಒಂದಿಷ್ಟು ನಕ್ಕೆ. ಆಮೇಲೆಯೇ ಮನುಷ್ಯ ಚಹಾ ಮುಟ್ಟಿದ್ದು.